ಕೋಡಿಯ ಬ್ರೇಕ್‌ವಾಟರ್, ಉಪ್ಪು ಹಿಡಿದ ರೀಲು ಮತ್ತು ತುಕ್ಕು ನಟ್ಟುಗಳು

ಕಳೆದ ಜನವರಿಯಲ್ಲಿ ಗೆಳೆಯನೊಂದಿಗೆ ಕುಂದಾಪುರದ ಕೋಡಿಯ ಬ್ರೇಕ್‌ವಾಟರಿನ (ಕಡಲಿಗೆ ಚಾಚಿದ ಕಲ್ಲಿನ ಗೋಡೆಯ) ಮೇಲೆ ಗಾಳ ಹಾಕಲು ಹೋದ ದಿನ, ನಾನು ಐದು ಸೀಸದ ಗುಂಡುಗಳನ್ನೂ ಅವುಗಳ ಜೊತೆಗಿದ್ದ ಕೊಕ್ಕೆಗಳನ್ನೂ ಬಂಡೆಗಳ ಸಂದಿಗೆ ದಾನ ಮಾಡಿ ಬಂದಿದ್ದೆ. ಹತ್ತಿದ ಒಂದೇ ಒಂದು ಒಳ್ಳೆಯ ಮೀನನ್ನು ಮೇಲೆತ್ತುವಾಗ ಕಲ್ಲಿಗೆ ಬಡಿಸಿ ಕಳೆದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ರೀಲು ಗರಗರ ಎನ್ನುತ್ತಾ ಬಿಗಿದು ನಿಂತಿತ್ತು. "ಮೀನ್ ಹಿಡುಕ್ ಬಂದದ್ದಾ, ಕಲ್ಲ್ ಹಿಡುಕ್ ಬಂದದ್ದಾ ಮಾರಾಯಾ?" ಎಂದು ಗೆಳೆಯ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸಿಟ್ಟಿನಲ್ಲಿ ಎಲ್ಲವನ್ನೂ ಚೀಲಕ್ಕೆ ತುರುಕಿ, ಮನೆಗೆ ತಂದು, ತೊಳೆಯದೆಯೇ ಅಟ್ಟದ ಮೇಲಿಟ್ಟೆ. ಮುಂದಿನ ಕೆಲಸವನ್ನು ನಮ್ಮ ಕರಾವಳಿಯ ಮಳೆಗಾಲ ವಹಿಸಿಕೊಂಡಿತು.

ಈ ಸಲ ಡಿಸೆಂಬರಿನಲ್ಲಿ ಮತ್ತೆ ಹೋಗುವುದೆಂದು ನಿಶ್ಚಯವಾದಾಗ, ಹೊಸ ಸಾಮಾನು ಕೊಳ್ಳುವ ಬದಲು ಹಳೆಯದನ್ನೇ ಬಿಚ್ಚಿ ಸರಿಪಡಿಸುವುದು, ಕಲ್ಲಿಗೆ ಸಿಕ್ಕಿಕೊಂಡರೆ ಅಗ್ಗದ ವಸ್ತು ಮಾತ್ರ ಕಳೆದುಹೋಗುವಂತೆ ಗಾಳವನ್ನು ಕಟ್ಟುವುದು, ಮೀನನ್ನು ಎತ್ತಲು ಒಂದು ಇಳಿಬಲೆ ಮಾಡಿಕೊಳ್ಳುವುದು ಎಂದು ಇಬ್ಬರೂ ಮಾತಾಡಿಕೊಂಡೆವು. ಮೂರು ವಾರಗಳ ಆ ಕೆಲಸವನ್ನೂ ಅದು ಕಡಲಿನ ಮುಂದೆ ಎಷ್ಟು ನಿಂತಿತೆಂಬುದನ್ನೂ ಇಲ್ಲಿ ಬರೆದಿದ್ದೇನೆ.

ಜಾಗದ ಪರಿಚಯ ಸ್ವಲ್ಪ ಬೇಕು. ಸೌಪರ್ಣಿಕಾ, ವಾರಾಹಿ, ಚಕ್ರ, ಕುಬ್ಜಾ, ಕೇದಕ ಎಂಬ ಐದು ನದಿಗಳು ಒಂದಾಗಿ ಪಂಚಗಂಗಾವಳಿ ಎನ್ನಿಸಿಕೊಂಡು ಕಡಲು ಸೇರುವ ಅಳಿವೆಯ ಬಡಗಣ ದಡದಲ್ಲಿ ಗಂಗೊಳ್ಳಿ, ತೆಂಕಣ ದಡದಲ್ಲಿ ಕೋಡಿ. ಅಳಿವೆಯ ಬಾಯಿ ಹೂಳಿನಿಂದ ಮುಚ್ಚಬಾರದೆಂದು, ದೋಣಿಗಳಿಗೆ ದಾರಿ ಸಿಗಲೆಂದು ಕಡಲಿನೊಳಕ್ಕೆ ಚಾಚಿ ಕಲ್ಲಿನ ಗೋಡೆ ಹಾಕಿದ್ದಾರೆ. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಬಿದ್ದ ಬಂಡೆಗಳು. ಕೆಲವು ಮಾರು ಆಚೆ ಮರಳು. ಬಂಡೆಗಳ ಸಂದಿಯಲ್ಲಿ ಮುರು ಮೀನು, ಮರಳಿನ ಮೇಲೆ ಕಾಣೆ. ಎರಡನ್ನೂ ಬಯಸುವವನ ದಾರ ಹೋಗುವಾಗಲೂ ಬರುವಾಗಲೂ ಬಂಡೆಗಳ ಮೇಲೆಯೇ ಹಾಯಬೇಕು. ನನ್ನ ಕಷ್ಟಗಳೆಲ್ಲ ಅಲ್ಲಿಂದಲೇ ಶುರುವಾಗುವುದು.

ನವೆಂಬರ್ 30, ಭಾನುವಾರ: ರೀಲು ಬಿಚ್ಚಿದ್ದು

ನನ್ನದು 5000 ಅಳತೆಯ ಸಾಧಾರಣ ಸ್ಪಿನ್ನಿಂಗ್ ರೀಲು. ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಮುಂದಿನ ಭಾಗ ಐದು ಸುತ್ತಿಗೂ ತುಸು ಹೆಚ್ಚು ತಿರುಗಿ ದಾರವನ್ನು ಸ್ಪೂಲಿಗೆ ಸುತ್ತುತ್ತದೆ. ಅಟ್ಟದಿಂದ ಇಳಿಸಿದಾಗ ಹಿಡಿಕೆ ಅಲುಗಲಿಲ್ಲ. ಬದಿಯ ಮುಚ್ಚಳದ ನಾಲ್ಕು ತಿರುಪುಗಳ ಸುತ್ತ ಬಿಳಿಯ ಪುಡಿ ಹೂವಿನಂತೆ ಅರಳಿತ್ತು. ಅದನ್ನು ಉಪ್ಪೆಂದು ತಿಳಿದು ಒರೆಸಲು ಹೋದರೆ ಹೋಗಲಿಲ್ಲ, ಏಕೆಂದರೆ ಅದರಲ್ಲಿ ಬಹುಪಾಲು ಉಪ್ಪಲ್ಲ. ಸ್ಟೇನ್‌ಲೆಸ್ ಸ್ಟೀಲಿನ ತಿರುಪು ಅಲ್ಯೂಮಿನಿಯಮ್ಮಿನ ಮೈಯೊಳಗೆ ಕುಳಿತು, ನಡುವೆ ಉಪ್ಪುನೀರು ಸೇರಿತೆಂದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಆದಂತೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಮ್ಮು. ಹಾಗೆ ಸವೆದ ಲೋಹ ಬಿಳಿಯ ಪುಡಿಯಾಗಿ ಉಬ್ಬಿ ತಿರುಪಿನ ಎಳೆಗಳನ್ನು ಹಿಡಿದುಕೊಳ್ಳುತ್ತದೆ. ಇಂಥ ತಿರುಪನ್ನು ಬಲದಿಂದ ತಿರುಗಿಸಿದರೆ ತಲೆ ಸವೆಯುವುದೇ ಹೊರತು ತಿರುಪು ಬರುವುದಿಲ್ಲ.

ಮೊದಲು ಇಡೀ ರೀಲನ್ನು ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಒಂದು ತಾಸು ಮುಳುಗಿಸಿಟ್ಟೆ. ಸಾಮಾನ್ಯವಾಗಿ ರೀಲನ್ನು ಹೀಗೆ ಮುಳುಗಿಸಬಾರದು, ಒಳಗಿನ ಗ್ರೀಸಿಗೆ ನೀರು ಸೇರುತ್ತದೆ. ಆದರೆ ಪೂರ್ತಿ ಬಿಚ್ಚಿ ತೊಳೆಯುವುದೇ ಇದ್ದುದರಿಂದ ಚಿಂತೆಯಿರಲಿಲ್ಲ. ಒಣಗಿಸಿ, ತುಕ್ಕು ಬಿಡಿಸುವ ಎಣ್ಣೆಯ ಒಂದೊಂದು ಹನಿಯನ್ನು ತಿರುಪುಗಳ ಬುಡಕ್ಕೆ ಬಿಟ್ಟು ರಾತ್ರಿ ಕಳೆಯಲು ಬಿಟ್ಟೆ. ಬೆಳಿಗ್ಗೆ ಮೂರು ತಿರುಪುಗಳು ಬಂದವು. ನಾಲ್ಕನೆಯದಕ್ಕೆ ಬೆಸುಗೆ ಹಾಕುವ ಕಡ್ಡಿಯ ಕಾದ ತುದಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಆರಿದ ಮೇಲೆ ಮತ್ತೊಂದು ಹನಿ ಎಣ್ಣೆ ಬಿಟ್ಟು, ಸ್ಕ್ರೂಡ್ರೈವರಿಗೂ ತಿರುಪಿನ ತಲೆಗೂ ನಡುವೆ ಅಗಲವಾದ ರಬ್ಬರ್ ಬ್ಯಾಂಡನ್ನಿಟ್ಟು ತಿರುಗಿಸಿದಾಗ ಸಣ್ಣದೊಂದು 'ಕಟ್' ಸದ್ದು ಕೇಳಿಸಿತು. ಮುರಿಯಿತೆಂದೇ ಭಾವಿಸಿದ್ದೆ, ಸಡಿಲವಾಗಿತ್ತು.

ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಎಡದಿಂದ ಬಲಕ್ಕೆ ಇಡುತ್ತಾ ಹೋದೆ, ಪ್ರತಿಯೊಂದಕ್ಕೂ ಮೊಬೈಲಿನಲ್ಲಿ ಒಂದು ಚಿತ್ರ. ಆಗ ಬಂದ ಗೆಳೆಯ ಟ್ರೇಯನ್ನು ನೋಡಿ, "ಎಂತ ಮಾರಾಯಾ, ಗಡಿಯಾರ್ ರಿಪೇರಿ ಶುರು ಮಾಡ್ದ್ಯಾ?" ಎಂದ. ಅವನು ಮೀನುಗಾರಿಕೆ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಅವನ ಕಣ್ಣಿಗೆ ನನ್ನ ರೀಲಿನ ಗೇರು ಆಟದ ಸಾಮಾನು. ಆದರೂ ಡಬ್ಬಿಯಲ್ಲಿ ಡೀಸೆಲ್ ತಂದಿದ್ದ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗೇರುಗಳನ್ನು ಡೀಸೆಲಿನಲ್ಲಿ ಉಜ್ಜಿದಾಗ, ಮರಳು ಬೆರೆತು ಬೂದು ಬಣ್ಣದ ಜಿಗುಟಾಗಿದ್ದ ಗ್ರೀಸು ಬಿಟ್ಟುಕೊಂಡಿತು. ಹಲ್ಲುಗಳಿಗೆ ಏನೂ ಆಗಿರಲಿಲ್ಲ.

ಗರಗರ ಸದ್ದಿನ ಮೂಲ ಗೇರಿನಲ್ಲಿ ಇರಲೇ ಇಲ್ಲ. ದಾರ ಸ್ಪೂಲಿಗೆ ಹೋಗುವ ಮುನ್ನ ದಾರವನ್ನು ಹಿಡಿದು ತರುವ ಬಾಗಿದ ಕಂಬಿಯ ತುದಿಯ ಒಂದು ಪುಟ್ಟ ಉರುಳೆಯ ಮೇಲೆ ತಿರುಗಿ ಹೋಗುತ್ತದೆ. ಕಡಲಿನಿಂದ ನೆನೆದು ಬರುವ ದಾರ ತನ್ನ ನೀರನ್ನೆಲ್ಲ ಹಿಂಡುವುದು ಆ ಉರುಳೆಯ ಮೇಲೆಯೇ, ಹೀಗಾಗಿ ಉಪ್ಪು ಮೊದಲು ಕೂರುವುದೂ ಅಲ್ಲಿಯೇ. ಅದರೊಳಗಿನ ಬೇರಿಂಗು ಕಡಲೆಕಾಳಿಗಿಂತ ದೊಡ್ಡದಲ್ಲ: ಒಳ ವ್ಯಾಸ 4 ಮಿ.ಮೀ., ಹೊರ ವ್ಯಾಸ 7 ಮಿ.ಮೀ., ದಪ್ಪ 2.5 ಮಿ.ಮೀ. ಸೂಜಿಯ ಮೇಲಿಟ್ಟು ತಿರುಗಿಸಿದರೆ ಅದು ತಿರುಗದೆ ಸೂಜಿಯೊಡನೆ ತಾನೂ ಸುತ್ತುತ್ತಿತ್ತು. ಉರುಳೆಯ ಮೇಲ್ಮೈಯಲ್ಲಿ ದಾರ ಒಂದೇ ಕಡೆ ತಿಕ್ಕಿದ ಗೆರೆ ಎದ್ದು ಕಾಣುತ್ತಿತ್ತು. ಉಗುರು ತಾಕಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ಬೇರಿಂಗನ್ನು ಬದಲಿಸಿ, ಉರುಳೆಯನ್ನು 1000 ನಂಬರಿನ ಉಪ್ಪುಕಾಗದದಿಂದ, ಬಳಿಕ ಹಲ್ಲುಪುಡಿ ಹಚ್ಚಿದ ಬಟ್ಟೆಯಿಂದ ತಿಕ್ಕಿ ನಯ ಮಾಡಿದೆ. ರೀಲಿನಲ್ಲಿ ಎಷ್ಟೊಂದು ಬೇರಿಂಗುಗಳಿದ್ದರೂ ಕಡಲಿಗೆ ಹೋಗುವವನು ಕಣ್ಣಿಡಬೇಕಾದದ್ದು ಈ ಒಂದರ ಮೇಲೆ ಎಂಬುದು ಈಗ ನನ್ನ ಅಭಿಪ್ರಾಯ.

ಜೋಡಿಸುವಾಗ ಎರಡು ಎಡವಟ್ಟುಗಳಾದವು. ಕಂಬಿಯ ಸ್ಪ್ರಿಂಗು ಕೈಯಿಂದ ಹಾರಿ ಕಪಾಟಿನ ಅಡಿಗೆ ಹೋಯಿತು. ಅದನ್ನು ಹುಡುಕಲು ಮುಕ್ಕಾಲು ತಾಸು ಬೇಕಾಯಿತು. ಎರಡನೆಯದು ಬುದ್ಧಿಗೇಡಿತನ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಬೇರಿಂಗಿನಲ್ಲಿ ಸಣ್ಣ ಸಣ್ಣ ಸಿಲಿಂಡರುಗಳು ಇಳಿಜಾರಿನ ಗೂಡುಗಳಲ್ಲಿ ಕುಳಿತು, ಹಿಂದಕ್ಕೆ ತಿರುಗಿಸಿದೊಡನೆ ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ. ಅವು ಸಿಕ್ಕಿಕೊಳ್ಳಲು ಹಿಡಿತ ಬೇಕು. ಎಲ್ಲದಕ್ಕೂ ಧಾರಾಳವಾಗಿ ಗ್ರೀಸು ಹಚ್ಚುವ ಉತ್ಸಾಹದಲ್ಲಿ ನಾನು ಅದಕ್ಕೂ ಹಚ್ಚಿದ್ದೆ. ಜೋಡಿಸಿ ಮುಗಿಸಿ ತಿರುಗಿಸಿದರೆ ಹಿಡಿಕೆ ಮುಂದಕ್ಕೆ ಎಷ್ಟು ಸಲೀಸೋ ಹಿಂದಕ್ಕೂ ಅಷ್ಟೇ ಸಲೀಸು. ಮತ್ತೆ ಬಿಚ್ಚಿ, ಆ ಬೇರಿಂಗನ್ನು ಡೀಸೆಲಿನಲ್ಲಿ ತೊಳೆದು ಒಣಗಿಸಿ, ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಸೂಜಿಯ ಮೊನೆಯಿಂದ ತೇವವಾಗುವಷ್ಟು ಮಾತ್ರ ಸವರಿದೆ. ಗೇರುಗಳಿಗೆ ನೀರಿಗೆ ಜಗ್ಗದ ಗ್ರೀಸು, ಇತರ ಬೇರಿಂಗುಗಳಿಗೆ ಒಂದೊಂದು ಹನಿ ಎಣ್ಣೆ. ತಿರುಪುಗಳ ಎಳೆಗಳಿಗೂ ಈ ಸಲ ಗ್ರೀಸು ಹಚ್ಚಿಯೇ ಕೂರಿಸಿದ್ದೇನೆ.

ಸ್ಪೂಲಿನ ಮೇಲ್ಭಾಗದ ಡ್ರ್ಯಾಗನ್ನು, ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ತಡೆತಡೆದು ಬಿಟ್ಟುಕೊಡುವ ಬಿಲ್ಲೆಗಳ ಭಾಗವನ್ನು, ಕೈಯಿಂದ ಎಳೆದು ನೋಡಿದೆ. ದಾರ ಬಿಟ್ಟಿತು. ಸರಿಯಿದೆ ಎಂದುಕೊಂಡು ಅದನ್ನು ಬಿಚ್ಚಲಿಲ್ಲ. ಈ ವಾಕ್ಯ ನೆನಪಿರಲಿ.

ಡಿಸೆಂಬರ್ 7: ಕೋಲಿನ ಬಳೆಗಳು

ಕೋಲು ಎರಡು ತುಂಡಿನದು, ಮೂರು ಮೀಟರ್ ಉದ್ದ. ಕಳೆದ ಸಲ ದಾರ ಬೇಕಾಬಿಟ್ಟಿಯಾಗಿ ತುಂಡಾಗುತ್ತಿದ್ದುದಕ್ಕೆ ಬಂಡೆಯೊಂದೇ ಕಾರಣವಲ್ಲವೆಂಬ ಅನುಮಾನವಿತ್ತು. ದಾರ ಹಾಯುವ ಬಳೆಗಳ ಒಳಮೈಗೆ ಪಿಂಗಾಣಿಯಂಥ ಗಟ್ಟಿ ಉಂಗುರವಿರುತ್ತದೆ. ಅದರಲ್ಲಿ ಕೂದಲೆಳೆಯ ಬಿರುಕು ಬಿದ್ದರೂ ಕಣ್ಣಿಗೆ ಕಾಣದು, ಆದರೆ ನೇಯ್ದ ದಾರವನ್ನು ಗರಗಸದಂತೆ ಕೊಯ್ಯುತ್ತದೆ. ಹತ್ತಿಯ ಎಳೆಯೊಂದನ್ನು ಪ್ರತಿ ಬಳೆಯೊಳಗೂ ಸುತ್ತಲೂ ಆಡಿಸಿದರೆ ಬಿರುಕಿದ್ದಲ್ಲಿ ಎಳೆ ಸಿಕ್ಕಿ ನಿಲ್ಲುತ್ತದೆ. ತುದಿಯ ಬಳೆಯಲ್ಲೂ ಬುಡದಿಂದ ಎರಡನೆಯದರಲ್ಲೂ ಸಿಕ್ಕಿತು.

ತುದಿಯ ಬಳೆಯನ್ನು ಬದಲಿಸುವುದು ಹತ್ತು ನಿಮಿಷದ ಕೆಲಸ: ಮೇಣದ ಬತ್ತಿಯ ಉರಿಯಿಂದ ಸ್ವಲ್ಪ ದೂರದಲ್ಲಿ ಹಿಡಿದು ಬಿಸಿ ಮಾಡಿದರೆ ಒಳಗಿನ ಅಂಟು ಕರಗಿ ಹಳೆಯದು ಕಳಚಿಬರುತ್ತದೆ, ಹೊಸದರ ಕೊಳವೆಗೆ ಬಿಸಿ ಅಂಟನ್ನು ಬಿಟ್ಟು, ಉಳಿದ ಬಳೆಗಳ ನೇರಕ್ಕೆ ಕಣ್ಣಳತೆಯಿಂದ ಕೂರಿಸಬೇಕು. ಇನ್ನೊಂದಕ್ಕೆ ಇಡೀ ಸಂಜೆ ಹಿಡಿಯಿತು. ಬಳೆಯ ಪಾದವನ್ನು ಕೋಲಿಗೆ ಒತ್ತಿಟ್ಟು ನೈಲಾನ್ ದಾರವನ್ನು ಸುತ್ತಿಗೆ ಸುತ್ತು ತಾಗಿಕೊಂಡಂತೆ ಸುತ್ತಿ, ಕೊನೆಯ ಆರೇಳು ಸುತ್ತುಗಳ ಅಡಿಯಲ್ಲಿ ಒಂದು ಕುಣಿಕೆಯನ್ನು ಇಟ್ಟಿರಬೇಕು. ದಾರದ ತುದಿಯನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದರೆ ಅದು ಸುತ್ತುಗಳ ಅಡಿಗೆ ಹೋಗಿ ಗಂಟಿಲ್ಲದೆ ನಿಲ್ಲುತ್ತದೆ. ಅದರ ಮೇಲೆ ಎರಡು ಭಾಗದ ಎಪಾಕ್ಸಿಯನ್ನು ಸಮಸಮ ಬೆರೆಸಿ ಬಳಿದೆ. ಎಪಾಕ್ಸಿ ಗಟ್ಟಿಯಾಗುವವರೆಗೆ ಕೋಲನ್ನು ತಿರುಗಿಸುತ್ತಲೇ ಇರದಿದ್ದರೆ ಅದು ಒಂದು ಬದಿಗೆ ಇಳಿದು ಹನಿಗಟ್ಟುತ್ತದೆ. ಐದು ನಿಮಿಷಕ್ಕೊಮ್ಮೆ ಅರ್ಧ ಸುತ್ತಿನಂತೆ ಮೂರು ತಾಸು ತಿರುಗಿಸಿದೆ. ಊಟಕ್ಕೆ ಎದ್ದ ಅಷ್ಟು ಹೊತ್ತಿನಲ್ಲಿ ಒಂದು ಹನಿ ಇಳಿದು ಗಟ್ಟಿಯಾಗಿ ಕುಳಿತಿದೆ. ಚಂದಕ್ಕೆ ಕೊರತೆ, ಕೆಲಸಕ್ಕೆ ತೊಂದರೆಯಿಲ್ಲ.

ಡಿಸೆಂಬರ್ 14: ಕಳೆದುಹೋಗಲೆಂದೇ ಕಟ್ಟುವ ಭಾರ

ಮೂರು ಕೆಲಸಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು. ಬಂಡೆಗಳ ನಡುವೆ ಗಾಳ ಹಾಕಿದರೆ ಏನಾದರೊಂದು ಸಿಕ್ಕಿಕೊಳ್ಳುವುದು ಖಚಿತ. ಹೆಚ್ಚಿನ ಸಲ ಸಿಕ್ಕಿಕೊಳ್ಳುವುದು ಕೊಕ್ಕೆಯಲ್ಲ, ಕೆಳಗಿನ ಭಾರ. ಅದು ಸಂದಿಯೊಳಗೆ ಇಳಿದು ಅಡ್ಡಡ್ಡ ಕೂರುತ್ತದೆ. ಎಳೆದಾಗ ದಾರ ತನಗೆ ತೋಚಿದಲ್ಲಿ ಹರಿಯುತ್ತದೆ, ಕೆಲವೊಮ್ಮೆ ಐವತ್ತು ಮೀಟರ್ ಸಮೇತ. ಹರಿಯುವುದು ತಪ್ಪದೆಂದ ಮೇಲೆ ಎಲ್ಲಿ ಹರಿಯಬೇಕೆಂದು ನಾವೇ ಮೊದಲು ಹೇಳಿಬಿಡುವುದು ಒಳ್ಳೆಯದು.

ಭಾರಕ್ಕೆ ಸೀಸದ ಬದಲು ಕಬ್ಬಿಣದ ನಟ್ಟುಗಳನ್ನು ಆರಿಸಿದೆವು. ಸೀಸ ವಿಷ, ಕಡಲಿಗೆ ಎಸೆಯುವುದು ಹಾಗಿರಲಿ, ಮನೆಯಲ್ಲಿ ಕರಗಿಸಿ ಎರಕ ಹೊಯ್ಯುವಾಗ ಅಚ್ಚಿನಲ್ಲಿ ಚೂರು ತೇವವಿದ್ದರೂ ಸಿಡಿದು ಮುಖಕ್ಕೆ ಹಾರುತ್ತದೆ. ಗೆಳೆಯನ ಶೆಡ್ಡಿನಲ್ಲಿ ಬಳಸಲಾಗದಷ್ಟು ತುಕ್ಕು ಹಿಡಿದ ನಟ್ಟುಗಳ ಬಕೆಟ್ಟೇ ಇತ್ತು. 20 ಮಿ.ಮೀ. ಬೋಲ್ಟಿನ ನಟ್ಟು ತೂಗಿದರೆ 60 ಗ್ರಾಂ ದಾಟುತ್ತದೆ. ಅಂಥ ಇಪ್ಪತ್ತನ್ನು ಆರಿಸಿಕೊಂಡೆವು.

ಕಟ್ಟಿದ ಬಗೆ ಹೀಗಿದೆ. ರೀಲಿನ ನೇಯ್ದ ದಾರಕ್ಕೆ 0.50 ಮಿ.ಮೀ. ದಪ್ಪದ ನೈಲಾನಿನ ಎರಡು ಮಾರು ಲೀಡರು, ಅಂದರೆ ಕೊನೆಯ ಗಟ್ಟಿ ದಾರ, ಅದರ ತುದಿಗೆ ಒಂದು ಸ್ವಿವೆಲ್, ಅಂದರೆ ದಾರ ತಿರುಚಿಕೊಳ್ಳದಂತೆ ತಾನೇ ತಿರುಗುವ ಪುಟ್ಟ ಲೋಹದ ಜೋಡಣೆ. ಸ್ವಿವೆಲ್‌ಗಿಂತ ಒಂದು ಗೇಣು ಮೇಲೆ ಕೊಕ್ಕೆ ಕಟ್ಟಿದ ಕವಲು ದಾರ. ಸ್ವಿವೆಲ್‌ನಿಂದ ನಟ್ಟಿಗೆ ಮಾತ್ರ 0.25 ಮಿ.ಮೀ.ನ ತೆಳು ನೈಲಾನು, ಉದ್ದ ಒಂದು ಗೇಣಿಗಿಂತ ಹೆಚ್ಚಿಲ್ಲ, ಏಕೆಂದರೆ ನಟ್ಟಿನ ಜೊತೆ ಅದೂ ಕಡಲಿನಲ್ಲೇ ಉಳಿಯುವಂಥದ್ದು. ತೂಗುತಕ್ಕಡಿಯ ಕೊಂಡಿಗೆ ಕಟ್ಟಿ ಎಳೆದಾಗ ತೆಳು ದಾರ ಗಂಟಿನ ಬಳಿ 4 ಕೆ.ಜಿ. ಮುಟ್ಟುವ ಮುನ್ನವೇ ಹರಿಯಿತು. ಲೀಡರು 10 ಕೆ.ಜಿ.ಗೂ ಜಗ್ಗಲಿಲ್ಲ.

ಲೆಕ್ಕ ಸರಿಯಿತ್ತು, ಆದರೆ ಎಸೆತವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮನೆಯ ಹಿಂದೆ ಭತ್ತ ಕೊಯ್ದು ಬರಿದಾಗಿದ್ದ ಗದ್ದೆಯಲ್ಲಿ ನಿಂತು ಪರೀಕ್ಷೆಗೆಂದು ಬೀಸಿದಾಗ ಕೋಲು ಬಾಗಿ ಚಿಮ್ಮಿದ ಆ ಗಳಿಗೆಯಲ್ಲೇ ತೆಳು ದಾರ ಹರಿದು, ನಟ್ಟೊಂದೇ ಗದ್ದೆಯ ಅಂಚಿನ ತೆಂಗಿನ ಮರಗಳನ್ನು ದಾಟಿ ಹೋಯಿತು. ಎದುರಿಗೆ ಯಾರೂ ಇರಲಿಲ್ಲವೆಂಬುದು ಪುಣ್ಯ. 60 ಗ್ರಾಂ ಕಬ್ಬಿಣ ಆ ವೇಗದಲ್ಲಿ ತಲೆಗೆ ಬಡಿದರೆ ಉಳಿಯುವುದು ಕಷ್ಟ. ಬೀಸುವ ಹೊತ್ತಿನಲ್ಲಿ ಭಾರವನ್ನು ಗಟ್ಟಿ ದಾರವೇ ಹೊರಬೇಕು, ನೀರಿಗೆ ಬಿದ್ದ ಮೇಲೆ ತೆಳು ದಾರಕ್ಕೆ ವರ್ಗವಾಗಬೇಕು. ಒಂದೂಕಾಲು ಮಿ.ಮೀ. ದಪ್ಪದ ಸ್ಟೀಲ್ ತಂತಿಯನ್ನು ಇಕ್ಕಳದಲ್ಲಿ ಬಾಗಿಸಿ, ಒಂದು ತುದಿಯಲ್ಲಿ ಮುಚ್ಚಿದ ಕಿವಿ, ಇನ್ನೊಂದು ತುದಿಯಲ್ಲಿ ಮೇಲ್ಮುಖವಾಗಿ ತೆರೆದ ಕೊಂಡಿ ಮಾಡಿದೆವು. ಕಿವಿ ಸ್ವಿವೆಲ್‌ಗೆ. ನಟ್ಟಿಗೆ ದಪ್ಪ ದಾರದ ಚಿಕ್ಕ ಕುಣಿಕೆ ಹಾಕಿ ಅದನ್ನು ಕೊಂಡಿಗೆ ನೇತುಹಾಕಿದರೆ, ಬೀಸುವಾಗಿನ ಎಳೆತ ಅದನ್ನು ಕೊಂಡಿಯ ತಳಕ್ಕೆ ಒತ್ತಿ ಹಿಡಿಯುತ್ತದೆ. ನೀರಿಗೆ ಬಡಿದ ಪೆಟ್ಟಿಗೆ ದಾರ ಸಡಿಲವಾಗಿ ಕುಣಿಕೆ ಕಳಚಿಕೊಂಡು, ಭಾರ ತೆಳು ದಾರದಲ್ಲಿ ತೂಗುತ್ತದೆ. ಕೊಂಡಿಯನ್ನು ಮೊದಲು ಆಳವಾಗಿ ಬಾಗಿಸಿದ್ದರಿಂದ ಕುಣಿಕೆ ಕಳಚಲೇ ಇಲ್ಲ. ನೀರು ತುಂಬಿದ ಹಂಡೆಗೆ ಎತ್ತರದಿಂದ ಬೀಳಿಸಿ ಬೀಳಿಸಿ ನೋಡಿ, ತುಟಿ ಮೂರು ಮಿ.ಮೀ. ಇದ್ದರೆ ಸರಿಯೆಂದು ಕಂಡುಕೊಂಡೆವು. ಹಂಡೆಯ ತಳದ ಸದ್ದಿಗೆ ಮನೆಯವರೆಲ್ಲ ಎದ್ದು ಬಂದದ್ದು ಬೇರೆ ಮಾತು.

ಇಳಿಬಲೆಯನ್ನು ಅದೇ ಸಂಜೆ ಮುಗಿಸಿದೆವು. ಮಕ್ಕಳ ಹಳೆಯ ಸೈಕಲಿನ 20 ಇಂಚಿನ ಚಕ್ರದಿಂದ ಕಡ್ಡಿಗಳನ್ನು ಕಳಚಿ ರಿಮ್ಮನ್ನು ಉಳಿಸಿಕೊಂಡೆ. ಕಡ್ಡಿಯ ತೂತುಗಳೇ ಬಲೆ ಕಟ್ಟಲು ಒದಗಿದವು. ಬಲೆಗೆ ದಡದಲ್ಲಿ ಎಸೆದಿದ್ದ ಹರಕು ತುಂಡು ಸಾಕಾಯಿತು. ಹರಿದ ಕಣ್ಣುಗಳನ್ನು ಗೆಳೆಯ ಬಲೆಸೂಜಿಯಿಂದ ಹೆಣೆದ. ಸೂಜಿಯ ಹೊಟ್ಟೆಯಲ್ಲಿ ಸುತ್ತಿದ ನೂಲು, ಎಡಗೈಯ ಬೆರಳಿನ ಅಗಲವೇ ಕಣ್ಣಿನ ಅಳತೆ. ಮೇಲಿನ ಕಣ್ಣಿನೊಳಗಿಂದ ಸೂಜಿಯನ್ನು ತಂದು, ಹೆಬ್ಬೆರಳಿನಿಂದ ಒತ್ತಿ, ಹಿಂದಿನಿಂದ ಸುತ್ತಿ ಎಳೆದರೆ ಗಂಟು ಬಿಗಿಯುತ್ತದೆ. ಅವನು ಮಾತಾಡುತ್ತಲೇ ಹದಿನೈದು ಕಣ್ಣು ಮುಗಿಸುವ ಹೊತ್ತಿಗೆ ನನ್ನದು ಎರಡಾಗಿತ್ತು, ಅದರಲ್ಲೊಂದು ಜಾರುತ್ತಿತ್ತು. ರಿಮ್ಮಿನ ಮೂರು ಕಡೆಯಿಂದ ಹಗ್ಗ ತಂದು ಮೇಲೆ ಒಂದು ಗಂಟಿಗೆ ಸೇರಿಸಿ, ಅಲ್ಲಿಂದ ಎಂಟು ಮೀಟರ್ ಒಂಟಿ ಹಗ್ಗ ಬಿಟ್ಟೆವು. ಬಲೆಯ ತಳಕ್ಕೆ ಒಂದು ನಟ್ಟು.

ಡಿಸೆಂಬರ್ 21: ಗೋಡೆಯ ಮೇಲೆ

ಅಮಾವಾಸ್ಯೆ ಕಳೆದ ಮರುದಿನ, ವರ್ಷದ ಅತಿ ಗಿಡ್ಡ ಹಗಲು. ಅಮಾವಾಸ್ಯೆಯ ಸುತ್ತಮುತ್ತ ನಮ್ಮ ಕಡೆ ಬೆಳಗಿನ ಜಾವಕ್ಕೆ ನೀರು ಇಳಿದಿದ್ದು ಮಧ್ಯಾಹ್ನದ ಹೊತ್ತಿಗೆ ಭರತ ತುಂಬುತ್ತದೆ. ಏರುನೀರಿನ ಜೊತೆ ಮೀನು ಬುಡಕ್ಕೆ ಬರುವುದರಿಂದ ಬೆಳಗಿನ ಹೊತ್ತೆಲ್ಲ ನಮ್ಮದೆಂಬ ಲೆಕ್ಕಾಚಾರ. ಆರು ಗಂಟೆಗೆ ಗೋಡೆಯ ಮೇಲಿದ್ದೆವು. ಘಟ್ಟದ ಕಡೆಯಿಂದ ಬೀಸುವ ಮೂಡಣ ಗಾಳಿ ಬೆನ್ನಿಗಿತ್ತು. ಘಟ್ಟದ ಮೇಲಿನವರು ನಗಬಹುದು, ಆದರೆ ನಮಗೆ ಅದು ಚಳಿಯೇ, ಗೆಳೆಯ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿದ್ದ. ಆ ಗಾಳಿಗೆ ಕಡಲು ಎಣ್ಣೆ ಸವರಿದಂತೆ ಮಲಗಿರುತ್ತದೆ. ಬೀಸಿದ ಭಾರವೂ ಹತ್ತು ಮಾರು ಹೆಚ್ಚು ಹೋಗುತ್ತದೆ. ಅಳಿವೆಯ ಒಳಬದಿಯಲ್ಲಿ ಗಂಗೊಳ್ಳಿಯ ದೋಣಿಗಳು ಓಡಾಡುತ್ತವಾದ್ದರಿಂದ, ಪ್ರೊಪೆಲರಿಗೆ ದಾರ ಸುತ್ತಿಸುವ ಪಾಪ ಬೇಡವೆಂದು ಹೊರಬದಿಯಲ್ಲೇ ಕುಳಿತೆವು. ನೀರು ಸೋಕುವ ಬಂಡೆಗಳ ಮೇಲಿನ ಹಸಿರು ಪಾಚಿಗೆ ಯಾವ ಚಪ್ಪಲಿಯೂ ನಿಲ್ಲದು; ಒಣಗಿದ ಕಲ್ಲನ್ನು ಬಿಟ್ಟು ಕೆಳಗಿಳಿಯಬಾರದೆಂದು ಮೊದಲೇ ಮಾತಾಗಿತ್ತು. ಇಳಿಬಲೆ ಮಾಡಿದ್ದೂ ಅದಕ್ಕಾಗಿಯೇ.

ಸುಲಿದ ಸಿಗಡಿಯ ಚೂರನ್ನು ಸಣ್ಣ ಕೊಕ್ಕೆಗೆ ಸಿಕ್ಕಿಸಿ ಮರಳಿನ ಕಡೆಗೆ ಬೀಸಿದೆ. ಕೊಂಡಿ ಹೇಳಿದ ಹಾಗೆ ಕೇಳಿತು. ನೀರಿಗೆ ಬಿದ್ದ ಮರುಕ್ಷಣ ದಾರದಲ್ಲಿ 'ಟಕ್' ಎಂಬ ಸಣ್ಣ ಅದುರು ಬೆರಳಿಗೆ ತಾಕುತ್ತದೆ, ಅದು ಕುಣಿಕೆ ಕಳಚಿದ ಗುರುತು. ಸೂರ್ಯ ಏಳುವ ಹೊತ್ತಿಗೆ ಮೊದಲ ಕಾಣೆ ಬಂತು, ಒಂದು ಗೇಣಿಗಿಂತ ತುಸು ಉದ್ದ. ಎಂಟೂವರೆಯೊಳಗೆ ಇನ್ನೂ ನಾಲ್ಕು. ಕಾಣೆ ಕಚ್ಚುವ ರೀತಿ ನಾಚಿಕೆಯದು, ಎರಡು ಸಲ ಮೆಲ್ಲಗೆ ಮುಟ್ಟಿ ನೋಡಿ ಮೂರನೆಯ ಸಲ ಎಳೆಯುತ್ತದೆ. ಉರುಳೆಯಲ್ಲಿ ಸದ್ದಿಲ್ಲದ್ದರಿಂದ ಆ ಮೊದಲ ಎರಡು ಮುಟ್ಟುವಿಕೆಗಳೂ ಈ ಸಲ ಕೈಗೆ ತಿಳಿಯುತ್ತಿದ್ದವು. ಗೆಳೆಯನಿಗೆ ಎರಡು ತೇಡೆ ಹತ್ತಿದವು. ತೇಡೆಯ ಬೆನ್ನಿನ ಮತ್ತು ಎದೆಯ ರೆಕ್ಕೆಗಳ ಮುಳ್ಳು ಚುಚ್ಚಿದರೆ ಇಡೀ ದಿನ ಉರಿಯುತ್ತದೆ. ಇಕ್ಕಳದಿಂದ ಕೊಕ್ಕೆ ಬಿಡಿಸಿ ಎರಡನ್ನೂ ನೀರಿಗೆ ಬಿಟ್ಟ.

ಬೆಳಗಿನಿಂದ ಸಂಜೆಯವರೆಗೆ ನನ್ನ ಗಾಳ ಒಂಬತ್ತು ಸಲ ಬಂಡೆಗೆ ಸಿಕ್ಕಿಕೊಂಡಿತು. ಸಿಕ್ಕಿಕೊಂಡಾಗ ಕೋಲನ್ನು ಬಾಗಿಸದೆ ದಾರದ ನೇರಕ್ಕೆ ಹಿಡಿದು, ದಾರವನ್ನು ಕೈಗೆ ಸುತ್ತದೆ ಒಂದು ಮರದ ತುಂಡಿಗೆ ಸುತ್ತಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಎಳೆಯಬೇಕು. ನೇಯ್ದ ದಾರ ಬೆರಳನ್ನು ಎಲುಬಿನವರೆಗೆ ಕೊಯ್ಯಬಲ್ಲದು. ಎಂಟು ಸಲ ತೆಳು ದಾರ ಹರಿದು ನಟ್ಟು ಮಾತ್ರ ಹೋಯಿತು, ಕೊಕ್ಕೆಯೂ ಲೀಡರೂ ತಂತಿಯೂ ಮರಳಿ ಬಂದವು. ಒಂದು ಸಲ ಕೊಕ್ಕೆಯೇ ಕಲ್ಲಿಗೆ ಕಚ್ಚಿದ್ದರಿಂದ ಎಲ್ಲವೂ ಹೋಯಿತು. ಕವಲಿನ ದಾರವೂ ಲೀಡರಿನಷ್ಟೇ ದಪ್ಪವಿತ್ತು, ಅದನ್ನು ಒಂದು ಮೆಟ್ಟಿಲು ತೆಳ್ಳಗೆ ಮಾಡಬೇಕಿತ್ತು.

ಹನ್ನೊಂದರ ಸುಮಾರಿಗೆ ಬೂತಾಯಿ ಮೀನಿನ ತುಂಡನ್ನು ದೊಡ್ಡ ಕೊಕ್ಕೆಗೆ ಹಾಕಿ ಬಂಡೆಗಳ ಅಂಚಿಗೇ ಇಳಿಬಿಟ್ಟೆ. ಐದು ನಿಮಿಷವೂ ಆಗಿರಲಿಲ್ಲ, ಕೋಲಿನ ತುದಿ ನೀರಿನ ಕಡೆಗೆ ಬಾಗಿ ನಿಂತಿತು. ಡ್ರ್ಯಾಗ್ ದಾರ ಬಿಡಬೇಕಾದ ಹೊತ್ತು; ಬಿಡಲಿಲ್ಲ. ಒಂದು ಕ್ಷಣ ಏನೂ ಅಲುಗಲಿಲ್ಲ, ಆಮೇಲೆ ಒಂದು ಗೇಣು ದಾರ ಜರ್ರನೆ ಜಾರಿ ಮತ್ತೆ ಕಚ್ಚಿಕೊಂಡಿತು, ಆ ಜಟಕಿಗೆ ನೇಯ್ದ ದಾರಕ್ಕೂ ಲೀಡರಿಗೂ ನಡುವಿನ ಗಂಟು ಬಿಟ್ಟಿತು. ದಿನದ ದೊಡ್ಡ ಮೀನು ಅದೇ ಇರಬೇಕು. ಗೆಳೆಯ ರೀಲನ್ನು ಕೈಗೆ ತೆಗೆದುಕೊಂಡು ಮೇಲಿನ ಗುಂಡಿಯನ್ನು ತಿರುಗಿಸಿ ತೆಗೆದ. ಒಳಗಿನ ಮೂರು ಉಣ್ಣೆಬಿಲ್ಲೆಗಳು ಒಣಗಿ ಹಪ್ಪಳದಂತಾಗಿದ್ದವು, ನಡುವಿನ ಲೋಹದ ಬಿಲ್ಲೆಯ ಮೇಲೆ ಉಪ್ಪಿನ ಹರಳುಗಳು ಹೊಳೆಯುತ್ತಿದ್ದವು. "ಬಿಚ್ಚುದಾರೆ ಪೂರಾ ಬಿಚ್ಕ್ ಮಾರಾಯಾ" ಎಂದಷ್ಟೇ ಹೇಳಿದ. ಮನೆಯಲ್ಲಿ ಕೈಯಿಂದ ನಿಧಾನವಾಗಿ ಎಳೆದು ನೋಡಿದ್ದಕ್ಕೂ ಮೀನು ಒಮ್ಮೆಲೇ ಎಳೆಯುವುದಕ್ಕೂ ಇರುವ ಅಂತರ ನನಗೆ ಹೊಳೆದಿರಲಿಲ್ಲ.

ಕುಡಿಯಲು ತಂದಿದ್ದ ನೀರಿನಲ್ಲಿ ಬಿಲ್ಲೆಗಳನ್ನು ತೊಳೆದು, ಅಂಗಿಯ ಅಂಚಿನಲ್ಲಿ ಒತ್ತಿ, ಬಿಸಿಲಿಗೆ ಕಾದ ಬಂಡೆಯ ಮೇಲೆ ಅರ್ಧ ತಾಸು ಹರಡಿದೆವು. ಬುತ್ತಿ ಬಿಚ್ಚಿ ಊಟ ಮುಗಿಸಿದ್ದು ಆ ಹೊತ್ತಿನಲ್ಲೇ. ಡಬ್ಬಿಯ ಮುಚ್ಚಳದಲ್ಲಿದ್ದ ತೆಂಗಿನೆಣ್ಣೆ ಸಾಕೆಂದ ಗೆಳೆಯ; ಅದು ಮುಂದೆ ಜಿಗುಟಾಗುವುದೆಂದು ನಾನು ಒಪ್ಪಲಿಲ್ಲ. ಕಣ್ಣಿನ ಔಷಧದ ಖಾಲಿ ಬಾಟಲಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಚೀಲದಲ್ಲೇ ಇತ್ತು. ಪ್ರತಿ ಬಿಲ್ಲೆಗೂ ಎರಡೆರಡು ಹನಿ ಕುಡಿಸಿ ಮೊದಲಿನ ಕ್ರಮದಲ್ಲೇ ಜೋಡಿಸಿದೆವು. ದಾರದ ತುದಿಗೆ ನೀರಿನ ಬಾಟಲಿ ಕಟ್ಟಿ ಎತ್ತಿ, ಸರಿಸುಮಾರು ಎರಡು ಕೆ.ಜಿ.ಯ ಎಳೆತಕ್ಕೆ ಜಟಕಿಲ್ಲದೆ ದಾರ ಬಿಡುವವರೆಗೆ ಗುಂಡಿಯನ್ನು ಹೊಂದಿಸಿದೆ.

ಒಂದು ಗಂಟೆಗೆ ಗಾಳಿ ತಿರುಗಿತು. ಪಡುವಣ ಗಾಳಿ ಎದ್ದ ಮೇಲೆ ಎಣ್ಣೆಯಂತಿದ್ದ ಕಡಲಿನ ಮೇಲೆ ಬಿಳಿಯ ನೊರೆ ಮೂಡತೊಡಗಿ, ತುಂಬಿದ ನೀರು ಬಂಡೆಗಳಿಗೆ ಅಪ್ಪಳಿಸಿ ಹನಿ ನಮ್ಮ ಮೊಣಕಾಲಿನವರೆಗೆ ಹಾರುತ್ತಿತ್ತು. ಇನ್ನೊಂದು ಗಂಟೆ ನೋಡೋಣವೆಂದು ಅದೇ ಅಂಚಿಗೆ ಮತ್ತೆ ಬೂತಾಯಿಯ ತುಂಡನ್ನು ಬಿಟ್ಟೆ. ಈ ಸಲ ಎಳೆದಾಗ ರೀಲು ಉದ್ದಕ್ಕೆ ಒಂದೇ ಸ್ವರದಲ್ಲಿ ಸದ್ದು ಮಾಡಿತು. ಮುರು ಮೀನು ಕಚ್ಚಿದೊಡನೆ ತನ್ನ ಗೂಡಿಗೆ ನುಗ್ಗಿ ಕಿವಿರುಗಳನ್ನು ಅಗಲಿಸಿ ಕುಳಿತರೆ ಯಾರಪ್ಪನಿಗೂ ಬರುವುದಿಲ್ಲವಾದ್ದರಿಂದ, ಮೊದಲ ಎರಡು ಮಾರು ಗೆಲ್ಲುವುದೇ ಮುಖ್ಯ. ಗೆದ್ದೆ. ಮೇಲಕ್ಕೆ ಬಂದ ಮೀನು ಅಲೆಯೊಂದಿಗೆ ಬಂಡೆಯ ಕಡೆಗೆ ತೇಲುತ್ತಿದ್ದಂತೆ ಗೆಳೆಯ ಇಳಿಬಲೆಯನ್ನು ಬಿಟ್ಟ. ಮೊದಲ ಸಲ ರಿಮ್ಮು ಅಲೆಗೆ ವಾಲಿ ಮೀನಿಗೇ ಬಡಿಯಿತು; ತಳದ ಒಂದು ನಟ್ಟು ಸಾಲದು, ರಿಮ್ಮಿಗೇ ಭಾರ ಬೇಕು. ಎರಡನೆಯ ಸಲ ಬಲೆಯನ್ನು ಮುಳುಗಿಸಿಟ್ಟು ಕಾದ. ನಾನು ಮೀನನ್ನು ಅದರ ಮೇಲಕ್ಕೆ ಎಳೆದು ತಂದಾಗ ಹಗ್ಗವನ್ನು ಕೈಮೇಲೆ ಕೈಯಾಗಿ ಎತ್ತಿದ. ಕಂದು ಮೈಯ ಮೇಲೆ ಚುಕ್ಕೆಗಳಿದ್ದ ಮುರು, ತಕ್ಕಡಿಯಲ್ಲಿ 1 ಕೆ.ಜಿ. 300 ಗ್ರಾಂ.

ಎರಡೂವರೆಗೆ ಎದ್ದೆವು. ಕಾಣೆ ಒಟ್ಟು ಏಳು, ಮುರು ಒಂದು. ಇಪ್ಪತ್ತು ನಟ್ಟುಗಳಲ್ಲಿ ಗದ್ದೆ ದಾಟಿ ಹೋದದ್ದು ಒಂದು, ಕಡಲಿಗೆ ಹತ್ತು, ಬಲೆಯ ತಳದಲ್ಲಿ ಒಂದು, ಉಳಿದವು ಎಂಟು.

ಮನೆಗೆ ಬಂದವನು ಮೀನನ್ನು ಒಳಗೆ ಕೊಟ್ಟು ನೇರ ಬಾವಿಕಟ್ಟೆಗೆ ಹೋದೆ. ಡ್ರ್ಯಾಗಿನ ಗುಂಡಿಯನ್ನು ಬಿಗಿ ಮಾಡಿ, ನಲ್ಲಿಯ ರಭಸಕ್ಕೆ ಹಿಡಿಯದೆ ಚೊಂಬಿನಿಂದ ಮೆಲ್ಲಗೆ ಸಿಹಿನೀರು ಹೊಯ್ದು, ಉರುಳೆಯನ್ನು ಬೆರಳಿನಿಂದ ತಿರುಗಿಸುತ್ತಾ ತೊಳೆದೆ. ಒರೆಸಿದ ಮೇಲೆ ಗುಂಡಿಯನ್ನು ಪೂರ್ತಿ ಸಡಿಲಿಸಿದೆ, ಒತ್ತಿದ ಹಾಗೆಯೇ ಬಿಟ್ಟರೆ ಉಣ್ಣೆಬಿಲ್ಲೆಗಳು ಚಪ್ಪಟೆಯಾಗಿ ಉಳಿಯುತ್ತವೆ. ಉರುಳೆಗೆ ಒಂದು ಹನಿ ಎಣ್ಣೆ. ಈ ಸಲ ಚೀಲಕ್ಕೆ ಹಾಕಿಲ್ಲ. ಸ್ಪೂಲು ಒಂದು ಕಡೆ, ರೀಲಿನ ಮೈ ಒಂದು ಕಡೆ, ಕಿಟಕಿಯ ಕಟ್ಟೆಯ ಮೇಲೆ ಹಳೆಯ ಬೈರಾಸಿನ ಮೇಲಿಟ್ಟಿದ್ದೇನೆ. ಕವಲಿಗೆ 0.40 ಮಿ.ಮೀ. ನೈಲಾನು ತರುವುದು, ರಿಮ್ಮಿಗೆ ತಂತಿ ಸುತ್ತಿ ಭಾರ ಹೆಚ್ಚಿಸುವುದು, ಲೀಡರಿನ ಗಂಟನ್ನು ಹತ್ತು ಸುತ್ತಿನ ಬದಲು ಹದಿನೆಂಟು ಸುತ್ತು ಕಟ್ಟಿ ತಕ್ಕಡಿಗೆ ಎಳೆದು ನೋಡುವುದು, ಇಷ್ಟು ಉಳಿದಿದೆ. ಗೆಳೆಯ ಇನ್ನೊಂದು ಡಬ್ಬಿ ನಟ್ಟುಗಳನ್ನು ಈಗಾಗಲೇ ತೆಗೆದಿಟ್ಟಿದ್ದಾನಂತೆ.